ಕಿರುಬೆರಳಿನ ಗುರುತು

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಅದರಲ್ಲಿ ಒಂದು ತಪ್ಪಿದೆ. ಬೇರೇನನ್ನಾದರೂ ಬರೆಯುವ ಮೊದಲು ಅದನ್ನು ತಿದ್ದಬೇಕು. ‘ಪೋಲಿಯೊ ಬಂದು ಎಡಗಾಲು ಬತ್ತಿಹೋದ ಆ ಮಗುವಿನ ಎದುರು ಯಾವ ಮುಖ ಹೊತ್ತು ನಿಲ್ಲಲಿ’ ಎಂದು ಕೇಳಿದ್ದೀಯೆ. ಎಡಗಾಲಲ್ಲ, ಬಲಗಾಲು. ನೀನು ಶಾಯಿಯ ಗುರುತು ಹಾಕಿದ್ದು ಎಡಗೈಯ ಕಿರುಬೆರಳಿಗೆ. ಆ ‘ಎಡ’ ಎಂಬುದು ಇಷ್ಟು ವರ್ಷಗಳಲ್ಲಿ ನಿನ್ನ ಮನಸ್ಸಿನೊಳಗೆ ಕೈಯಿಂದ ಕಾಲಿಗೆ ಇಳಿದಿರಬೇಕು. ಬಲಗಾಲೆಂದು ನಾನು ಖಚಿತವಾಗಿ ಹೇಳಬಲ್ಲೆ. ಶಾಲೆಯ ಹೊತ್ತಿಗೆ ಆ ಕಾಲಿಗೆ ಆಸರೆಯ ಪಟ್ಟಿ, ಅಂದರೆ ಕ್ಯಾಲಿಪರ್, ಕಟ್ಟುವವನು ನಾನೇ.

‘ಉಭಯ ಕುಶಲೋಪರಿ’ ಎಂದು ಪತ್ರವನ್ನು ಆರಂಭಿಸಬೇಕೆಂದು ತರಗತಿಯಲ್ಲಿ ಹೇಳಿಕೊಡುತ್ತಿದ್ದವನು ನಾನು. ಆದರೆ ನಿನ್ನ ಕುಶಲ ನನಗೆ ತಿಳಿಯದು, ನನ್ನ ಕುಶಲವನ್ನು ನೀನು ಕೇಳಿಲ್ಲ. ಖಚಿತವಿಲ್ಲದ ಮಾತನ್ನು ಕೇವಲ ಪದ್ಧತಿಗಾಗಿ ಬರೆಯಲಾರೆ. ಫೋನಿನಲ್ಲಿ ವಿಚಾರಿಸೋಣವೆಂದರೆ ನಿನ್ನ ಫೋನು ನನ್ನ ಸಂಖ್ಯೆಯನ್ನು ಕಂಡೊಡನೆ ಮೌನವ್ರತ ಹಿಡಿಯುತ್ತದೆ. ಆದ್ದರಿಂದ ಈ ಪತ್ರ.

ಕಾಲಿನ ವಿಷಯದಲ್ಲೇ ನೆನಪು ಹೀಗೆ ಜಾರಬಹುದಾದರೆ ಉಳಿದದ್ದೂ ಜಾರಿರಬಹುದು. ನಿನಗೆ ತಿಳಿದದ್ದನ್ನೇ ಮತ್ತೊಮ್ಮೆ ಕ್ರಮವಾಗಿ ಬರೆಯುತ್ತೇನೆ. ನಾನು ತಪ್ಪಿದಲ್ಲಿ ನೀನು ತಿದ್ದು.

ನೀನು ಲಸಿಕೆಯ ಕೆಲಸಕ್ಕೆ ಸೇರಿದಾಗ ನಿನ್ನ ಅಮ್ಮ ಹೋಗಿ ಎರಡು ವರ್ಷವಾಗಿತ್ತು. ನಾನು ಆಗಷ್ಟೇ ನಿವೃತ್ತನಾಗಿ, ತಿದ್ದಲು ಮಕ್ಕಳಿಲ್ಲದೆ ದಿನಪತ್ರಿಕೆಯನ್ನು ತಿದ್ದುತ್ತ ಕುಳಿತಿರುತ್ತಿದ್ದೆ. ಮೊದಲ ದಿನ ನೀಲಿ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಬಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಒಳಗೆ ಐಸಿನ ಚೀಲಗಳ ನಡುವೆ ಬೆರಳುದ್ದದ ಸೀಸೆಗಳಿದ್ದವು. ಮುಟ್ಟಬೇಡಿ ಎಂದು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದೆ. “ಭೂಮಿ ಮೇಲಿಂದಾನೇ ಒಂದು ರೋಗನ ಓಡಿಸೋ ಕೆಲಸ ಅಪ್ಪ. ಎಷ್ಟೋ ದೇಶಗಳು ಸೇರಿ ಮಾಡ್ತಿವೆ. ಅದರಲ್ಲಿ ನಮ್ಮ ಓಣಿ ನನ್ನ ಪಾಲಿಗೆ ಬಂದಿದೆ” ಎಂದೆ. ಓಡಿಸಿದರೆ ಅದು ಪಕ್ಕದ ಊರಿಗೆ ಹೋಗುತ್ತದೆ, ‘ನಿರ್ಮೂಲ ಮಾಡುವ’ ಎನ್ನಬೇಕು ಎಂದು ನಾನು ತಿದ್ದಿದೆ. ನೀನು ನಕ್ಕೆ. ಆ ನಗು ನನಗೆ ಚೆನ್ನಾಗಿ ನೆನಪಿದೆ; ಈ ಸಂಗತಿಯಲ್ಲಿ ತಿದ್ದುಪಡಿಗೆ ಅವಕಾಶವಿಲ್ಲ.

ಕೆಲಸದ ಕ್ರಮವನ್ನೂ ಹೇಳಿಕೊಟ್ಟಿದ್ದೆ. ಮಗುವಿನ ಬಾಯಿಗೆ ಎರಡು ಹನಿ, ಎಡಗೈಯ ಕಿರುಬೆರಳಿಗೆ ಅಳಿಸದ ಶಾಯಿಯ ಗುರುತು, ಬಾಗಿಲಿಗೆ ಸೀಮೆಸುಣ್ಣದ ಗೆರೆ. ಮರುದಿನ ಮೇಲ್ವಿಚಾರಕರು ಬಂದು ಬೆರಳುಗಳನ್ನು ನೋಡಿಕೊಂಡು ಹೋಗುತ್ತಾರೆ. ಬೆರಳನ್ನು ಊರೆಲ್ಲ ನೋಡುತ್ತದೆ. ಹನಿ ಬಾಯೊಳಗೆ ಹೋದುದನ್ನು ನೋಡುವವರು ಇಬ್ಬರೇ: ಹಾಕಿದವಳು ಮತ್ತು ತಾಯಿ.

ಓಣಿಯ ಮೂಲೆಯ ಇಸ್ತ್ರಿಯವನ ಹೆಂಡತಿಯನ್ನು ನೀನು ‘ಅಕ್ಕ’ ಎನ್ನುತ್ತಿದ್ದೆ. ಅವಳ ಮೊದಲ ಮಗು ಹನಿ ಹಾಕಿಸಿಕೊಂಡ ವಾರದಲ್ಲೇ ಜ್ವರ ಬಂದು ತೀರಿಕೊಂಡಿತ್ತು. ಎದೆಯಲ್ಲಿ ಕಫ ಕಟ್ಟಿತ್ತು, ಹನಿಗೂ ಸಾವಿಗೂ ಸಂಬಂಧವಿಲ್ಲ ಎಂದು ವೈದ್ಯರು ಹೇಳಿದರು. ಗಂಡ ನಂಬಿದ. ಅವಳು ಹೂಂ ಎಂದಳು, ಆದರೆ ನಂಬಲಿಲ್ಲ. ಎರಡನೆಯದು ಹೆಣ್ಣು ಹುಟ್ಟಿದಾಗ, ಲಸಿಕೆಯ ಸುತ್ತು ಬಂದಾಗಲೆಲ್ಲ ಮರೆಯದೆ ಹನಿ ಹಾಕಿಸು ಎಂದು ಅವನೇ ಹೇಳುತ್ತಿದ್ದ. ಅವಳು ನಿನ್ನನ್ನು ಒಳಗೆ ಕರೆದು, ತೂಗುಹಾಕಿದ ಅಂಗಿಗಳ ಸಾಲಿನ ಹಿಂದೆ ನಿಲ್ಲಿಸಿಕೊಂಡು, ಮುಂಗೈ ಹಿಡಿದಳಂತೆ. “ಬೆರಳಿಗೆ ಹಾಕು ತಂಗಿ, ಬಾಯಿಗೆ ಬೇಡ. ಇದೂ ಹೋದ್ರೆ ನಾನು ಉಳಿಯೋಳಲ್ಲ.” ನೀನು ಬೆರಳಿಗೆ ಮಾತ್ರ ಹಾಕಿದೆ. ಮುಂದಿನ ಸುತ್ತಿನಲ್ಲೂ, ಅದರ ಮುಂದಿನದರಲ್ಲೂ. ಸುತ್ತಲಿನ ಮಕ್ಕಳೆಲ್ಲ ಹನಿ ಕುಡಿದು ಗೋಡೆಯ ಹಾಗೆ ನಿಂತಿರುವಾಗ ನಡುವಿನ ಒಂದು ಮಗುವಿಗೆ ಏನಾದೀತು ಎಂದುಕೊಂಡೆಯಂತೆ. ಗೋಡೆ ನೀನು ಭಾವಿಸಿದಷ್ಟು ಎತ್ತರವಿರಲಿಲ್ಲ.

ಮಗುವಿಗೆ ಎರಡೂವರೆ ವರ್ಷವಾದಾಗ ಜ್ವರ ಬಂತು. ಜ್ವರ ಇಳಿಯಿತು, ಬಲಗಾಲು ಏಳಲಿಲ್ಲ. ಅಂದು ಸಂಜೆ ನೀನು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಎಲ್ಲವನ್ನೂ ನನಗೆ ಹೇಳಿದೆ. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು, ಇಬ್ಬರೂ ಏಳಲಿಲ್ಲ.

ಅದಾದ ಮೇಲೆ ಆರೋಗ್ಯ ಇಲಾಖೆಯ ಅಧಿಕಾರಿ ಮನೆಗೆ ಬಂದು, ಈಗ ನಾನು ಕುಳಿತಿರುವ ಇದೇ ಕುರ್ಚಿಯಲ್ಲಿ ಕುಳಿತು, ನಿಮ್ಮ ಮಗಳು ಹನಿ ಹಾಕಿದ್ದಳೇ ಎಂದು ಕೇಳಿದ. ಹಾಕಿರಲಿಲ್ಲ ಎಂದು ನಾನು ಹೇಳಿದೆ. ಆ ವಾಕ್ಯದಲ್ಲಿ ಇಂದಿಗೂ ನನಗೆ ದೋಷ ಕಾಣುವುದಿಲ್ಲ. ಅದು ನಿಜ, ಮತ್ತು ಆ ರೋಗದ ಬೆನ್ನು ಹತ್ತಿದವರಿಗೆ ಆ ನಿಜ ಬೇಕಿತ್ತು. ನೀನೂ ಆ ವಾಕ್ಯವನ್ನು ಆಕ್ಷೇಪಿಸಲಿಲ್ಲ. ಚೀಲ ಹಿಡಿದು ಹೊರಟು ನಿಂತಾಗ ನೀನು ಹೇಳಿದ್ದು ಬೇರೆ. “ಸುಳ್ಳು ಹೇಳಿ ಅಂತ ನಾನು ಕೇಳ್ತಿರಲಿಲ್ಲ ಅಪ್ಪ. ಪಕ್ಕದ ಕೋಣೇಲೇ ಇದ್ದೆ. ನನ್ನನ್ನ ಕರೆದು, ಪಕ್ಕದಲ್ಲಿ ಕೂರಿಸ್ಕೊಂಡು ಹೇಳಬಹುದಿತ್ತು.” ಇದನ್ನು ನಾನು ಒಂದಕ್ಷರವೂ ಬದಲಿಸದೆ ಬರೆದಿದ್ದೇನೆಂದು ನಂಬುತ್ತೇನೆ. ನೀನು ಹೋದದ್ದು ನಿನ್ನ ಕೆಲಸ ಹೋದದ್ದಕ್ಕಲ್ಲ ಎಂಬುದೂ ನನಗೆ ತಿಳಿದಿದೆ.

ಇಲ್ಲಿಂದ ಮುಂದಿನದು ನಿನಗೆ ತಿಳಿಯದು.

ಕಚೇರಿಯವರು ನಿಜವನ್ನು ತಿಳಿದುಕೊಂಡು ತಮ್ಮಲ್ಲೇ ಇಟ್ಟುಕೊಂಡರು. ಗುರುತು ಸುಳ್ಳಾಗಬಲ್ಲದೆಂದು ಗೊತ್ತಾದರೆ ಊರಿನ ಯಾವ ಬೆರಳನ್ನೂ ಯಾರೂ ನಂಬುವುದಿಲ್ಲ ಎಂಬ ಭಯ ಅವರಿಗಿತ್ತೇನೋ. ಓಣಿಗೆ ತಿಳಿದದ್ದು ಎರಡೇ ಸಂಗತಿ. ಬೆರಳಿಗೆ ಗುರುತಿದ್ದ ಮಗುವಿನ ಕಾಲು ಹೋಯಿತು. ಹನಿ ಹಾಕಿದವಳನ್ನು ಕೆಲಸದಿಂದ ತೆಗೆದರು. ಎರಡನ್ನೂ ಕೂಡಿಸಿ ಓಣಿ ಉತ್ತರ ಬರೆದುಕೊಂಡಿತು: ಹನಿಯಲ್ಲೇ ದೋಷವಿತ್ತು. ಕೂಡಿಸಿದ ರೀತಿ ಸರಿಯಾಗಿಯೇ ಇತ್ತು, ಕೊಟ್ಟ ಲೆಕ್ಕವೇ ತಪ್ಪಾಗಿತ್ತು. ಅಂದಿನಿಂದ ನಮ್ಮ ಓಣಿಯಲ್ಲಿ ನೀಲಿ ಡಬ್ಬಿ ಕಂಡೊಡನೆ ಬಾಗಿಲುಗಳು ಮುಚ್ಚುತ್ತವೆ.

ನೀನು ಹೋದ ಬಳಿಕ ನಾನು ಇಸ್ತ್ರಿಗೆಂದು ಎರಡು ಅಂಗಿ ಹಿಡಿದು ಅವರ ಮನೆಗೆ ಹೋದೆ. ಅಂಗಿಗಳಿಗೆ ಇಸ್ತ್ರಿಯ ಅಗತ್ಯವಿರಲಿಲ್ಲ. ಮೇಜಿನ ಕೆಳಗೆ ಮಗು ಕುಳಿತಿತ್ತು. ನನ್ನ ಅಂಗಿಯನ್ನು ಎಳೆದುಕೊಂಡು ಗುಂಡಿ ಎಣಿಸತೊಡಗಿತು. “ಒಂದು, ಎರಡು, ನಾಕು.” ನಾನು ಬಾಗಿ, “ತಪ್ಪು. ಮೂರು ಎಲ್ಲಿ ಹೋಯಿತು?” ಎಂದೆ. “ಮೂರು ಬಿದ್ದು ಹೋಗಿದೆ, ಕಣ್ಣು ಕಾಣ್ಸಲ್ವಾ?” ಎಂದಿತು. ನೋಡಿದರೆ ಮೂರನೆಯ ಗುಂಡಿ ಇರಲಿಲ್ಲ. ನನ್ನ ವೃತ್ತಿಜೀವನದಲ್ಲಿ ಇಷ್ಟು ಚೊಕ್ಕವಾಗಿ ಯಾರೂ ನನ್ನನ್ನು ತಿದ್ದಿರಲಿಲ್ಲ.

ಅವಳಿಗೆ ಓಣಿಯವರು ಇಟ್ಟ ಹೆಸರು ಲಾಯರಮ್ಮ. ನನಗೆ ಅವಳು ಇಟ್ಟ ಹೆಸರು ತಪ್ಪು ತಾತ. “ತಪ್ಪು ತಾತ ಬಂದ, ನೆಟ್ಟಗೆ ಮಾತಾಡ್ರಿ!” ಎಂದು ಮೂಲೆಯಿಂದಲೇ ಕೂಗಿ ಎಲ್ಲರನ್ನೂ ಎಚ್ಚರಿಸುತ್ತಾಳೆ. ಈಗ ಏಳು ವರ್ಷ. ದೊಡ್ಡಾಸ್ಪತ್ರೆಯ ಕಾರ್ಯಾಗಾರದಲ್ಲಿ ಕಾಲಿಗೆ ಎರಡು ಕಬ್ಬಿಣದ ಪಟ್ಟಿ, ಮೂರು ಚರ್ಮದ ಬೆಲ್ಟು, ಎತ್ತರದ ಅಟ್ಟೆಯ ಬೂಟು ಮಾಡಿಕೊಟ್ಟರು. ಮೊಣಕಾಲಿನ ಬೆಲ್ಟನ್ನು ಬಿಗಿಯಾಗಿ ಕಟ್ಟಿದರೆ ಚರ್ಮ ಕೆಂಪಾಗುತ್ತದೆ, ಸಡಿಲ ಬಿಟ್ಟರೆ ಮಂಡಿ ಮುಂದಕ್ಕೆ ಕುಸಿಯುತ್ತದೆ. ಅವಳ ತಾಯಿ ಅದನ್ನು ಕಟ್ಟಲಾರಳು. ಬೆಲ್ಟು ಮುಟ್ಟಿದೊಡನೆ ಎದ್ದು ಒಳಗೆ ಹೋಗಿಬಿಡುತ್ತಾಳೆ. ಹಾಗಾಗಿ ಆ ಕೆಲಸ ನನ್ನದಾಯಿತು. ಒಳ್ಳೆಯ ಕಾಲು ಬೆಳೆದಂತೆಲ್ಲ ಈ ಕಾಲಿನ ಅಟ್ಟೆಯನ್ನು ಏರಿಸಬೇಕು. “ಮತ್ತೆ ಬಂದ್ಯಾ?” ಎಂದು ಚಮ್ಮಾರ ತಮಾಷೆ ಮಾಡಿದರೆ, “ಆ ಕಾಲು ಬೆಳೀತಿದೆ, ಇದು ಕೇಳ್ತಿಲ್ಲ. ನಾನೇನ್ ಮಾಡ್ಲಿ, ಇಬ್ರೂ ನನ್ನ ಮಾತು ಕೇಳಲ್ಲ” ಎನ್ನುತ್ತಾಳೆ.

ಶಾಲೆಯ ಓಟದ ಸ್ಪರ್ಧೆಯ ದಿನ ಟೀಚರು ಅವಳ ಕೈಗೆ ಸೀಟಿ ಕೊಟ್ಟು, ಓಟ ಆರಂಭಿಸುವ ಕೆಲಸ ನಿನ್ನದು ಎಂದರು. ಮಕ್ಕಳು ಗೆರೆಯ ಮೇಲೆ ಬಾಗಿ ನಿಂತರು. ಇವಳು ಊದಲಿಲ್ಲ. ಬಹಳ ಹೊತ್ತು ಊದಲಿಲ್ಲ. ಯಾಕೆಂದು ಆಮೇಲೆ ಕೇಳಿದೆ. “ಅಷ್ಟು ಹೊತ್ತು ಎಲ್ರೂ ನನ್ನ ಹಾಗೆ ನಿಂತಿದ್ರು ತಾತ.” ಆ ವಾಕ್ಯದಲ್ಲಿ ತಿದ್ದುವಂಥದ್ದು ಏನೂ ಸಿಗಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ತಿಂಗಳು ಹೊರದೇಶದ ತಜ್ಞೆಯೊಬ್ಬಳು, ಜೊತೆಗೆ ಮಾತು ತಿಳಿಸಿಕೊಡುವ ಹುಡುಗಿಯೊಬ್ಬಳು, ನಮ್ಮ ಓಣಿಯ ಕೊನೆಯ ಚರಂಡಿಯ ಬಳಿ ಬಗ್ಗಿ ಬಾಟಲಿಗೆ ನೀರು ತುಂಬಿಕೊಂಡರು. ಹಾಲು ಮಾರುವ ಅಜ್ಜಿ ನಿನಗೆ ಗೊತ್ತಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ನಮ್ಮೂರಿನವರು ಒಂದಿನ ಇಣುಕಿ ನೋಡಲಿಲ್ಲ. ಈ ತಾಯಿ ಸಮುದ್ರ ದಾಟಿ ಬಂದು ನಮ್ಮ ಕೊಚ್ಚೇನ ಸೀಸೇಲಿ ತುಂಬ್ಕೊಂಡು ಹೋಗ್ತಾಳೆ. ಅವಳ ಊರಲ್ಲಿ ಚರಂಡಿ ಇಲ್ವೇನೋ ಪಾಪ!” ಎಂದಳು. ಎಲ್ಲರೂ ನಕ್ಕರು, ಆ ಹುಡುಗಿ ಅದನ್ನು ತಿಳಿಸಿಕೊಟ್ಟಾಗ ತಜ್ಞೆಯೂ ನಕ್ಕಳು. ಹತ್ತು ದಿನಗಳ ಬಳಿಕ ಅವರು ಮರಳಿ ಬಂದರು, ಆಗ ಯಾರೂ ನಗಲಿಲ್ಲ. ಚರಂಡಿಯ ನೀರಿನಲ್ಲಿ ಪೋಲಿಯೊ ಇದೆ. ಯಾವುದೋ ಮನೆಯ, ಯಾವುದೋ ಮಗುವಿನ ಹೊಟ್ಟೆಯಲ್ಲಿ, ಯಾವ ಕಾಯಿಲೆಯೂ ಕಾಣಿಸದೆ, ಅದು ಓಡಾಡುತ್ತಿದೆ. ಬರುವ ಭಾನುವಾರ ಶಾಲೆಯ ಜಗುಲಿಯಲ್ಲಿ ಮೇಜು ಹಾಕಿ ಐದು ವರ್ಷದೊಳಗಿನ ಮಕ್ಕಳಿಗೆಲ್ಲ ಹನಿ ಹಾಕುತ್ತಾರೆ.

ಇಸ್ತ್ರಿಯವನಿಗೆ ಈಗ ಹತ್ತು ತಿಂಗಳ ಗಂಡುಮಗುವಿದೆ. ಲಾಯರಮ್ಮನ ತಮ್ಮ. ಮೇಜಿನ ಕಾಲು ಹಿಡಿದು ಎದ್ದು ನಿಲ್ಲುವುದನ್ನು ಕಲಿಯುತ್ತಿದ್ದಾನೆ. ಪ್ರತಿ ಸಲ ಅವನು ನಿಂತಾಗ ಅವಳು ಚಪ್ಪಾಳೆ ತಟ್ಟುತ್ತಾಳೆ. ನನಗೆ ಆ ಕಡೆ ನೋಡಲಾಗುವುದಿಲ್ಲ. ಮಗುವಿಗೆ ಹನಿ ಹಾಕಿಸಬೇಕೆಂದು ಹೇಳಲು ಆರೋಗ್ಯ ಕೇಂದ್ರದವರು ಬಂದಾಗ ಇಸ್ತ್ರಿಯವನು ಪೆಟ್ಟಿಗೆ ಕೆಳಗಿಡದೆಯೇ ಉತ್ತರ ಕೊಟ್ಟ: “ಒಂದು ಮಗೂನ ಕಾಲು ಕೊಟ್ಟಾಯ್ತಲ್ಲ. ಇನ್ನೂ ಏನು ಬೇಕಂತೆ ನಿಮಗೆ?” ಓಣಿ ಅವನ ಹಿಂದೆ ನಿಂತಿತು. ಅವನು ಕೆಟ್ಟವನಲ್ಲ. ಪ್ರತಿ ಸುತ್ತಿನಲ್ಲೂ ಮಗಳ ಬೆರಳು ಹಿಡಿದು ಗುರುತು ನೋಡಿ ಸಮಾಧಾನಪಟ್ಟವನು ಅವನೇ.

ನಾನು ಅವನಿಗೆ ಹೇಳಿದೆ, ಮಗಳೇ. ಅಧಿಕಾರಿಗೆ ಹೇಳಿದ ವಾಕ್ಯವನ್ನೇ ಹೇಳಿದೆ: ನನ್ನ ಮಗಳು ಹನಿ ಹಾಕಿರಲಿಲ್ಲ. ಅವನು ನನ್ನನ್ನು ಕನಿಕರದಿಂದ ನೋಡಿದ. “ಬಿಡಿ ಮೇಷ್ಟ್ರೇ, ಅವಳ ಮೇಲೆ ನಂಗೆ ಕೋಪ ಇಲ್ಲ. ಔಷಧಿ ಕೆಟ್ಟಿದ್ರೆ ಪಾಪ ಆ ಹುಡುಗಿ ಏನು ಮಾಡ್ತಾಳೆ. ಮಗಳಿಗೋಸ್ಕರ ನೀವು ಸುಳ್ಳು ಯಾಕೆ ಹೇಳ್ತೀರಿ, ಈ ವಯಸ್ಸಲ್ಲಿ?” ನಿನಗೆ ವಿರುದ್ಧವಾಗಿ ಹೇಳಿದಾಗ ಕಚೇರಿ ಕೂಡಲೇ ನಂಬಿದ ಮಾತನ್ನು, ಅದೇ ಮಾತನ್ನು, ಓಣಿ ತಂದೆಯ ಮಮತೆ ಎಂದು ಬದಿಗೆ ಸರಿಸಿತು. ಅವನು ಮುಂದುವರಿದು, “ಹನಿ ಹಾಕದೆ ಗುರುತು ಯಾಕೆ ಹಾಕ್ತಾಳೆ? ಅವಳಿಗೇನು ಲಾಭ?” ಎಂದು ಕೇಳಿದ. ಉತ್ತರ ಅವನ ಬೆನ್ನ ಹಿಂದೆ, ಬಾಗಿಲಲ್ಲಿ, ಮಗುವನ್ನು ಎತ್ತಿಕೊಂಡು ನಿಂತಿತ್ತು. ಅವನ ಹೆಂಡತಿಯ ಕಣ್ಣುಗಳನ್ನು ನೋಡಿ ನಾನು ಮನೆಯತ್ತ ತಿರುಗಿದೆ. ಬಾಯಿಗೆ ಬಂದ ಸರಿಯುತ್ತರವನ್ನು ನುಂಗಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

ಸಂಜೆ ಅವಳೇ ಬಂದಳು. ಕುಳಿತುಕೊಳ್ಳಲಿಲ್ಲ. “ನಾನು ಹೇಳಿದ್ರೆ ಅವರು ನನ್ನ ಮುಖ ನೋಡ್ತಾರಾ ಮೇಷ್ಟ್ರೇ? ಅದು ಬಿಡಿ. ಅವಳು ನೋಡ್ತಾಳಾ?” ಎಂದಳು. ಅವಳು ಎಂದರೆ ಲಾಯರಮ್ಮ. ಹೇಳದಿದ್ದರೆ ಈ ಮಗುವಿನ ಗತಿ ಏನು ಎಂದೆ. “ಗೊತ್ತು. ಎರಡು ಹೊತ್ತೂ ಇವನ ಕಾಲು ಎಳೆದು ಎಳೆದು ನೋಡ್ತೀನಿ. ಹುಚ್ಚು ಹಿಡಿಯೋ ಹಾಗಾಗಿದೆ. ತಂಗಿ ಬಂದು ಪಕ್ಕದಲ್ಲಿ ನಿಂತ್ರೆ ಹೇಳ್ತೀನಿ. ಇಬ್ರೂ ಸೇರಿ ಮಾಡಿದ್ದು, ಇಬ್ರೂ ಸೇರೇ ಹೇಳ್ಬೇಕು.”

ಇದೇ ನಾನು ಬರೆಯಬೇಕಾಗಿದ್ದ ವಿಷಯ, ಹಿಂದಿನದೆಲ್ಲ ಪೀಠಿಕೆ. ಗುರುವಾರ ಈ ಪತ್ರ ನಿನ್ನ ಕೈಸೇರಿದರೆ ಶನಿವಾರದ ಬಸ್ಸು ಹಿಡಿಯಬಹುದು. ನಿನ್ನ ಬಟ್ಟೆ ಅಂಗಡಿಯ ಯಜಮಾನರು ರಜೆ ಕೊಡದಿದ್ದರೆ ತಂದೆಗೆ ಕಾಯಿಲೆ ಎಂದು ಹೇಳಬೇಡ. ಕಾರಣವನ್ನು ಇದ್ದಂತೆಯೇ ಹೇಳು: ಒಂದು ಮಗು ಎದ್ದು ನಿಲ್ಲುವುದನ್ನು ಕಲಿಯುತ್ತಿದೆ.

ನಿನ್ನ ಕೋಣೆಯ ಕಿಟಕಿಯ ಚಿಲಕ ಸರಿಮಾಡಿಸಿದ್ದೇನೆ.

ಇಂತು,
ನಿನ್ನ ಅಪ್ಪ
ಸೋಮವಾರ, ನವೆಂಬರ್ ಹನ್ನೆರಡು, ಸಂಜೆ ಐದೂವರೆ ಗಂಟೆ

ಮರುಬರಹ:

ಮೇಲಿನ ಪತ್ರವನ್ನು ನಾನು ಅಂಚೆಗೆ ಹಾಕಲಿಲ್ಲ. ಮಂಗಳವಾರ ಲಕೋಟೆ ಹಿಡಿದು ಹೊರಟಾಗ ನಿನ್ನ ಆ ‘ಅಕ್ಕ’, ಇಸ್ತ್ರಿಯವನ ಹೆಂಡತಿ, ಮೂಲೆಯಲ್ಲಿ ಇದಿರಾದಳು. “ಅವಳಿಗಾ?” ಎಂದಳು. ಹೌದೆಂದೆ. ಲಕೋಟೆಯನ್ನು ಕೈಗೆ ತೆಗೆದುಕೊಂಡು, ಭಾರ ನೋಡುವವಳ ಹಾಗೆ ಸ್ವಲ್ಪ ಹೊತ್ತು ಹಿಡಿದುಕೊಂಡು, ಹಿಂದಕ್ಕೆ ಕೊಟ್ಟಳು. “ಹಾಕ್ಬೇಡಿ. ಕೆಲಸ ಹೋಯ್ತು, ಊರು ಬಿಟ್ಳು, ನಿಮ್ಮನ್ನ ಬಿಟ್ಳು. ಈಗ ಇದಕ್ಕೂ ಅವಳೇ ಬರ್ಬೇಕಾ? ನನಗೂ ಬಾಯಿದೆ.”

ಇವತ್ತು ಭಾನುವಾರ. ಬೆಳಿಗ್ಗೆ ನಲ್ಲಿಯ ಬಳಿ ಓಣಿಯ ಹೆಂಗಸರೆಲ್ಲ ಕೊಡಗಳೊಂದಿಗೆ ನಿಂತಿದ್ದರು. ಎದುರಿಗೆ ಇಸ್ತ್ರಿಯವನು ಮೇಜು ಹಾಕಿಕೊಂಡು ಕೆಲಸದಲ್ಲಿದ್ದ. ಅವಳು ಮಗುವನ್ನು ಎತ್ತಿಕೊಂಡು ಬಂದು, ಕೊಡ ಇಲ್ಲದೆ, ಸಾಲಿನ ನಡುವೆ ನಿಂತಳು. ಹಾಲಿನಜ್ಜಿ, “ಏನೇ, ನೀರನ್ನ ಸೆರಗಲ್ಲಿ ಹಿಡೀತೀಯಾ?” ಎಂದು ಕೆಣಕಿದಳು. ಅವಳು ಗಂಡನ ಕಡೆ ತಿರುಗಿ ಹೇಳಿದಳು. ಗಟ್ಟಿಯಾಗಿಯೇನೂ ಹೇಳಲಿಲ್ಲ. “ನಮ್ಮ ಹುಡುಗಿಗೆ ಹನಿ ಹಾಕಿರಲಿಲ್ಲ. ಬೆರಳಿಗೆ ಮಾತ್ರ. ನಾನೇ ಬೇಡ ಅಂದಿದ್ದೆ. ಆ ತಂಗಿ ಕೈ ಹಿಡಿದು ಬೇಡ್ಕೊಂಡಿದ್ದೆ.”

ನಲ್ಲಿ ತುಂಬಿದ ಕೊಡದ ಮೇಲೆ ಸುರಿಯುತ್ತಲೇ ಇತ್ತು, ಯಾರೂ ನಿಲ್ಲಿಸಲಿಲ್ಲ. ಅವನು, “ಒಂದು ಸಲಾನೂ ಹಾಕಿಸ್ಲಿಲ್ವಾ?” ಎಂದ. ಅವಳು ಇಲ್ಲವೆಂದು ತಲೆಯಾಡಿಸಿದಳು. “ಬೆರಳು ತೋರಿಸ್ತಿದ್ಯಲ್ಲ ನಂಗೆ.” ಇಸ್ತ್ರಿ ಪೆಟ್ಟಿಗೆ ಯಾರದೋ ಬಿಳಿ ಅಂಗಿಯ ಮೇಲೆ ನಿಂತುಬಿಟ್ಟಿತ್ತು. ಹೊಗೆ ಎದ್ದಿತು. ಲಾಯರಮ್ಮ ಮೆಟ್ಟಿಲ ಮೇಲಿಂದ “ಅಪ್ಪಾ, ಅಂಗಿ!” ಎಂದು ಕೂಗಿದಾಗಲೇ ಅವಳೂ ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ ಎಂದು ನಮಗೆ ತಿಳಿದದ್ದು.

ಅವನು ಬಂದು ಹೆಂಡತಿಯ ತೋಳಿನಿಂದ ಮಗುವನ್ನು ತೆಗೆದುಕೊಂಡ. ನಾನು ಹೆದರಿ ಒಂದು ಹೆಜ್ಜೆ ಮುಂದಿಟ್ಟೆ. ಅವನು ನ್ಯಾಯ ಕೇಳಲೂ ಇಲ್ಲ, ಕೈಯೆತ್ತಲೂ ಇಲ್ಲ. ನೇರವಾಗಿ ಶಾಲೆಯ ಜಗುಲಿಗೆ ನಡೆದು, ಮಗುವಿನ ಕೆನ್ನೆ ಒತ್ತಿ ತಾನೇ ಬಾಯಿ ತೆರೆಸಿದ. ಹನಿ ಬಿದ್ದ ಮೇಲೂ ಬಗ್ಗಿ ಬಾಯೊಳಗೆ ನೋಡುತ್ತಲೇ ಇದ್ದ. ಲಸಿಕೆಯ ಹುಡುಗಿ ಶಾಯಿಯ ಪೆನ್ನು ತೆಗೆದಾಗ ಮಗುವಿನ ಮುಷ್ಟಿಯನ್ನು ತನ್ನ ಮುಷ್ಟಿಯೊಳಗೆ ಮುಚ್ಚಿಕೊಂಡ. “ಗುರುತು ಬೇಡ. ನಾನೇ ಕಣ್ಣಾರೆ ನೋಡಿದ್ದೀನಿ.” ಅವಳು ಮೆಲ್ಲಗೆ, “ಹಾಕ್ಲೇಬೇಕು ಅಣ್ಣ” ಎಂದಳು. ಅವನೇ ಒಂದೊಂದಾಗಿ ಬೆರಳು ಬಿಡಿಸಿ ಕೊಟ್ಟ. ಮಗುವನ್ನು ಹಾಲಿನಜ್ಜಿಯ ಮಡಿಲಿಗೆ ಹಾಕಿ ಸೇತುವೆಯ ಕಡೆ ಹೋದವನು ಇನ್ನೂ ಮನೆಗೆ ಬಂದಿಲ್ಲ.

ಆಮೇಲೆ ಬಾಗಿಲುಗಳು ತೆರೆದವು. ಎಲ್ಲವೂ ಅಲ್ಲ, ಆದರೆ ಜಗುಲಿಯಲ್ಲಿ ಸಾಲು ನಿಂತಿತು. ಇದನ್ನು ಓದಿ ನೀನು ಸ್ವಲ್ಪ ಉಸಿರು ಬಿಡು. ಉಳಿದದ್ದನ್ನು ಆಮೇಲೆ ಓದು.

ಸಾಲಿನಲ್ಲಿ ಲಾಯರಮ್ಮನೂ ನಿಂತಿದ್ದಳು, ಚಿಕ್ಕ ಮಕ್ಕಳ ನಡುವೆ ಒಂದು ತಲೆ ಎತ್ತರವಾಗಿ. ಅವಳ ತಾಯಿ ಜಗುಲಿಯ ಕಂಬಕ್ಕೆ ಒರಗಿ ಅಳುತ್ತಿದ್ದಳು. ಲಾಯರಮ್ಮ ಅವಳ ಸೆರಗು ಜಗ್ಗಿ ಹೇಳಿದಳು: “ಅಳ್ಬೇಡಮ್ಮ. ಆಗ ಹಾಕಿಸ್ಲಿಲ್ಲ ಅಂದ್ರೆ ಏನೀಗ? ಈಗ ಹಾಕಿಸ್ಕೊಂಡ್ರಾಯ್ತು. ಕಾಲು ಸರಿ ಹೋಗುತ್ತೆ.”

ಮೇಜಿನ ಮುಂದೆ ಬಂದು ಬಾಯಿ ತೆರೆದು ನಿಂತಳು. ಲಸಿಕೆಯ ಹುಡುಗಿ ನನ್ನತ್ತ ನೋಡಿ, “ಇವಳಿಗೆ ಏಳಾಗಿದೆ ಸರ್, ಐದರೊಳಗಿನವರಿಗೆ ಮಾತ್ರ” ಎಂದಳು. ತಾಯಿಯೂ ನನ್ನನ್ನೇ ನೋಡಿದಳು. ಹನಿ ರೋಗವನ್ನು ತಡೆಯಬಲ್ಲದು, ಹೋದ ಕಾಲನ್ನು ತರಲಾರದು: ಹತ್ತು ಪದಗಳೂ ಬೇಕಾಗದ, ಸರಳವಾದ, ಖಚಿತವಾದ ವಾಕ್ಯ. ನಾನು ಅದನ್ನು ಹೇಳಲಿಲ್ಲ. “ಹಾಕಮ್ಮ” ಎಂದೆ. ಎರಡು ಹನಿ ಹಾಕಿ ಕಿರುಬೆರಳಿಗೆ ಗುರುತು ಮಾಡಿದಳು. ಅಂಗಿಗಳ ಸಾಲಿನ ಹಿಂದೆ ನೀನು ಅಂದು ಹೇಗೆ ನಿಂತಿದ್ದಿರಬಹುದೆಂದು ಆ ಕ್ಷಣದವರೆಗೆ ನಾನು ಯೋಚಿಸಿರಲಿಲ್ಲ.

ಈಗ ಲಾಯರಮ್ಮ ನಮ್ಮ ಮನೆಯಲ್ಲಿದ್ದಾಳೆ. ಬಂದೊಡನೆ ಕಾಲು ಚಾಚಿ, “ಬಿಚ್ಚು ತಾತ. ಇದು ಬಿಗಿಯಾಗಿದ್ರೆ ಹನಿ ಕೆಳಗೆ ಇಳಿಯೋದು ಹೇಗೆ?” ಎಂದಳು. ಮೂರೂ ಬೆಲ್ಟು ಬಿಚ್ಚಿದೆ. ನಿನ್ನ ಮಂಚದ ಮೇಲೆ ಕುಳಿತು ಎರಡೂ ಕಾಲುಗಳನ್ನು ಒಟ್ಟಿಗೆ ಇಟ್ಟುಕೊಂಡಿದ್ದಾಳೆ. “ಎಷ್ಟು ಹೊತ್ತಾಗುತ್ತೆ?” ಎಂದು ಕೇಳಿದಳು. ನೋಡೋಣ ಎಂದೆ. “‘ನೋಡೋಣ’ ಅನ್ನೋದು ಉತ್ತರ ಅಲ್ಲ ಅಂತ ನೀನೇ ಹೇಳಿಕೊಟ್ಟಿದ್ದೀಯ” ಎಂದಳು. ಹೇಳಿಕೊಟ್ಟಿದ್ದೇನೆ.

ಅವಳಿಗೆ ನಿಜವನ್ನು ಹೇಳಬೇಕು. ಹೇಳಿದ ಮೇಲೆ, ತಾಯಿಗೆ ಅಳಬೇಡ ಎಂದ ಮಾತನ್ನು ಅವಳು ಉಳಿಸಿಕೊಳ್ಳುತ್ತಾಳೋ ಹಿಂದಕ್ಕೆ ತೆಗೆದುಕೊಳ್ಳುತ್ತಾಳೋ ನಾನರಿಯೆ. ಹೇಳುವವನು ನಾನೇ, ಅದರಲ್ಲಿ ಬದಲಿಲ್ಲ. ಆದರೆ ಈ ಸಲ ಒಬ್ಬನೇ ಹೇಳಲಾರೆ. ಅವಳ ತಾಯಿ ಒಂದು ಪಕ್ಕದಲ್ಲಿರುತ್ತಾಳೆ. ಇನ್ನೊಂದು ಪಕ್ಕದಲ್ಲಿ ನೀನು ಕುಳಿತಿರಬೇಕು. ಅಂಚೆಯನ್ನು ನೆಚ್ಚದೆ, ಸಂಜೆ ನಿಮ್ಮೂರ ಬಸ್ಸಿಗೆ ಹೋಗುವ ಕಂಡಕ್ಟರನ ಕೈಯಲ್ಲಿ ಇದನ್ನು ಕಳುಹಿಸುತ್ತಿದ್ದೇನೆ. ಅವನು ನನ್ನ ಹಳೆಯ ವಿದ್ಯಾರ್ಥಿ, ಮರಳಿ ಬರುವಾಗ ನಿನಗೊಂದು ಸೀಟು ಹಿಡಿದಿರುತ್ತಾನೆ.

ತಡಮಾಡಬೇಡ ಮಗಳೇ. ಅವಳು ಕಣ್ಣು ಮಿಟುಕಿಸದೆ ಕಾಲನ್ನೇ ನೋಡುತ್ತ ಕುಳಿತಿದ್ದಾಳೆ.

ಅಪ್ಪ
ಭಾನುವಾರ, ನವೆಂಬರ್ ಹದಿನೆಂಟು, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ